ಕಾಲಿಗೆ ಕೊಟ್ಟ ನೀರು

ಅಕ್ಕ ಭರಮವ್ವನಿಗೆ, ತಮ್ಮ ಚೌಡಪ್ಪನ ಶರಣು.

ಅಂತೂ ಕೊಟ್ಟರಕ್ಕ, ಆ ನೀರಿನ ಸಮಿತಿಯ ವರದಿ. ನನ್ನ ಕೈಯಲ್ಲೇ ಇದೆ. ಈಗಲೇ ಖುಷಿಪಡಬೇಡ, ಪೂರ್ತಿ ಕೇಳು. ಫೋನು ಹಚ್ಚಿದರೆ ದ್ಯಾಮಪ್ಪನ ಹೆಸರು ಬಂದ ಕೂಡಲೇ ನೀನು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶೈಲಾ, ನಿಮ್ಮವ್ವನಿಗೆ ಓದಿ ಹೇಳುವಾಗ ನಡುವಿನದನ್ನು ನುಂಗಬೇಡವ್ವ. ಸಾಲಿ ಅರ್ಧಕ್ಕೆ ಬಿಟ್ಟ ಸೋದರಮಾವನ ಅಕ್ಷರ, ಕಾಗೆ ಕುಣಿದ ಹಾಗಿದೆ. ಸುಧಾರಿಸಿಕೋ.

ಎಲ್ಲಿಂದ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಹಿರೇಕೆರೂರಿನ ಆಚೆಯ ಹಳ್ಳಿಯಲ್ಲಿ, ನಿನ್ನ ಮೈದುನ ದ್ಯಾಮಪ್ಪನ ಮಾವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೇನೆ. ಬೈಯಿ. ಬೈದು ಮುಗಿಸಿ ಮುಂದೆ ಕೇಳು.

ಆ ಸಮಿತಿಯವರು ಬಂದ ದಿನ ನಾನೂ ನಿಮ್ಮ ಓಣಿಯಲ್ಲಿದ್ದೆ. ಯಾವ ಊರಿಗೆ ಮೊದಲು ನಳ ಕೊಡಬೇಕು ಎಂದು ಸರಕಾರಕ್ಕೆ ಸಲಹೆ ಕೊಡುವವರು. ಅವರಲ್ಲಿ ನಮ್ಮ ದ್ಯಾಮಪ್ಪನೂ ಒಬ್ಬ ಸದಸ್ಯ ಎಂದು ಓಣಿಗೆಲ್ಲ ಹೆಮ್ಮೆ. ಬೇಸಿಗೆಯಲ್ಲಿ ನೀವು ಹೆದ್ದಾರಿ ದಾಟಿ, ಕಂಡವರ ಹೊಲದ ಬೋರಿನಿಂದ ಕೊಡ ಹೊತ್ತು ತರುವುದನ್ನು ಆತ ಬಲ್ಲ. ಬಂದ ಸಾಹೇಬರಿಗೆ ತೋರಿಸಿದರೆ ಸಾಕಿತ್ತು. ಆದರೆ ತೋರಿಸಲು ಏನು ಉಳಿದಿತ್ತು? ಹಿಂದಿನ ದಿನದಿಂದಲೇ ನೀವು ಹೆಂಗಸರೆಲ್ಲ ಸೇರಿ ಹೊತ್ತು ಹೊತ್ತು, ಇದ್ದಬದ್ದ ಕೊಡ, ಹಂಡೆ, ಬ್ಯಾರಲ್ಲುಗಳನ್ನೆಲ್ಲ ತುಂಬಿಸಿ ಇಟ್ಟಿದ್ದಿರಿ. ಧೂಳು ಏಳಬಾರದೆಂದು ಅಂಗಳಕ್ಕೆ ನೀರು ಹೊಡೆದಿದ್ದಿರಿ. ಬಂಕಾಪುರದ ನವಿಲುಗಳೇ ಮೋಸಹೋಗಿ ಮಳೆಗಾಲ ಬಂತೆಂದು ನಿಮ್ಮ ಓಣಿಗೆ ಇಳಿದಿದ್ದವು. ನೀರು ಹೊತ್ತು ನೋಯುತ್ತಿದ್ದ ಸೊಂಟಕ್ಕೆ ಅರಿವೆ ಬಿಗಿದುಕೊಂಡು ನೀನೇ ಹೊಸ್ತಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದೆ.

"ಕಾಲಿಗೆ ನೀರ ತಗೊಳ್ರಿ ಸಾಹೇಬ್ರ, ಬಿಸಲಾಗ ಬಂದೀರಿ."

ಬೂಟು ಬಿಚ್ಚಿ ತೊಳೆದುಕೊಂಡರು. ಒಬ್ಬ ಸಾಹೇಬರು ಎರಡನೇ ತಂಬಿಗೆಯನ್ನೂ ಕೇಳಿದರು. ನೀನು ನಗುತ್ತಲೇ ಕೊಟ್ಟೆ.

ಆಮೇಲೆ ನಳ ಸಿಗುವ ಊರುಗಳ ಹೆಸರು ಬಂತು. ನಿಮ್ಮ ಊರು ಅದರಲ್ಲಿ ಇರಲಿಲ್ಲ. ಯಾರು ಮೊದಲು ಹೇಳಿದರೋ, "ದ್ಯಾಮ್ಯಾ ಹೆಂಡ್ತಿ ಊರಿಗೆ ಪೈಪ ತಿರಗಿಸ್ಯಾನ" ಎಂಬ ಮಾತು ಸಂಜೆಯೊಳಗೆ ಓಣಿ ತುಂಬ ಓಡಾಡಿತು. ಪೈಪು ಬರಲಿಲ್ಲ, ಸುದ್ದಿ ಮಾತ್ರ ಮನೆಮನೆಗೆ ಬಂತು. ದ್ಯಾಮಪ್ಪ ಹೊಸ್ತಿಲಾಚೆ ನಿಂತು, "ವೈನಿ, ನಾ ಬಾಯಿಲೆ ಹೇಳಿದ್ರ ನೀವು ನಂಬಂಗಿಲ್ಲ. ವರದಿ ಒಳಗ ಏನ ಬರದಾರ ಅನ್ನೂದನ್ನ ತರಿಸಿ ಓದ್ರಿ" ಎಂದ. ನೀನು ಬಾಗಿಲು ಹಾಕಿಕೊಂಡೆ. "ಅವನ ಮನ್ಯಾಗ ಉಂಡವ್ರು ನನ್ನ ಹೊಸ್ತಿಲ ತುಳೀಬ್ಯಾಡ್ರಿ" ಎಂದು ಎಲ್ಲರೆದುರು ಅಂದೆ. ವಾರದೊಳಗೆ ದ್ಯಾಮಪ್ಪ, ಅವನ ಹೆಂಡತಿ ದಾನವ್ವ ಇಬ್ಬರೂ ಗಂಟು ಕಟ್ಟಿಕೊಂಡು ಅವಳ ತವರಿಗೆ ಹೋದರು.

ತರಿಸಿ ಓದೋಣ ಎಂದು ನಾನು ಹೊರಟೆ. ಗಾಡಿಯಲ್ಲಿ ಮಂಡಕ್ಕಿ ಗಿರಮಿಟ್ಟು ಮಾರುವವನು ನಾನು, ಕೇಳಿದವರಿಗೆ ಕೂಡಲೇ ಕೈಗೆ ಕೊಡುತ್ತೇನೆ. ಸರಕಾರವೂ ಹಾಗೇ ಕೊಡುತ್ತದೆ ಎಂದುಕೊಂಡಿದ್ದೆ. ಹಾನಗಲ್ಲಿನಲ್ಲಿ ಕೇಳಿದರೆ ಸವಣೂರು ಎಂದರು. ಸವಣೂರಿನಲ್ಲಿ ಕೇಳಿದರೆ ಶಿಗ್ಗಾವಿ ಎಂದರು. ಶಿಗ್ಗಾವಿಯಲ್ಲಿ ಒಬ್ಬ ಸಾಹೇಬರು ಕನ್ನಡಕ ಇಳಿಸಿ, "ಇದು ಬರೇ ಸಲಹಾ ಸಮಿತಿ ಐತ್ರಿ. ಸಲಹೆ ಅಂದ್ರ ಒಳಗಿನ ಮಾತು. ಹೊರಗ ಕೊಡಾಕ ಬರಂಗಿಲ್ಲ" ಎಂದರು.

"ಸಾಹೇಬ್ರ, ನಮ್ಮತ್ತಿ ಕೊಡೂದೂ ಬರೇ ಸಲಹೇನ ಐತ್ರಿ. ಆದ್ರೂ ಓಣಿಗೆಲ್ಲಾ ಕೇಳಸ್ತೈತಿ" ಎಂದೆ.

ಇಡೀ ಕಚೇರಿ ನಕ್ಕಿತು. ಚಹಾ ಕುಡಿಸಿದರು. ವರದಿ ಕೊಡಲಿಲ್ಲ.

ಸವಣೂರಿನಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಗುಲ್ನಾರ ಎಂಬ ಹೆಣ್ಣುಮಗಳು ಸಿಗದಿದ್ದರೆ ನಾನು ಇನ್ನೂ ನಗಿಸುತ್ತಲೇ ಇರುತ್ತಿದ್ದೆ. "ಚಾಚಾ, ನೀವು ನಗಸ್ತೀರಿ, ಅವ್ರು ನಕ್ಕು ಕಳಸ್ತಾರ. ಅಪೀಲ ಹಾಕ್ರಿ" ಎಂದಳು. ಹಾಕಿದೆವು. ತಳ್ಳಿಹಾಕಿದರು. ಮೇಲಿನವರಿಗೆ ಮತ್ತೆ ಹಾಕಿದೆವು. ಸಮಿತಿಯ ಸಲಹೆಯಿಂದಲೇ ಊರಿನ ನೀರು ನಿಲ್ಲುವುದಾದರೆ, ಅದು ಏನೆಂದು ತಿಳಿಯುವ ಹಕ್ಕು ಊರಿನವರಿಗೆ ಇದೆ ಎಂದು ಅವರು ಆದೇಶ ಕೊಟ್ಟರು. ಇದು ಮುಗಿಯುವ ಹೊತ್ತಿಗೆ ಇನ್ನೊಂದು ಬೇಸಿಗೆ ಬಂದಿದೆ. ಅಕ್ಕಿಆಲೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಗಾಡಿ ತೆರೆದ ದಿನಕ್ಕಿಂತ ಮುಚ್ಚಿದ ದಿನವೇ ಜಾಸ್ತಿ. ಬಸ್ಸಿನಲ್ಲಿ ಯಾರಾದರೂ, "ಚೌಡಪ್ಪಾ, ಒಂದ ಜೋಕ್ ಹೇಳಪಾ" ಎಂದರೆ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಮಾಡುತ್ತೇನೆ. ಈಚೆಗೆ ಹಾಗೆ ಮಾಡಬೇಕಾಗಿಯೂ ಇಲ್ಲ, ನಿಜವಾಗಿಯೇ ಬರುತ್ತದೆ.

ಈಗ ಅದರಲ್ಲಿ ಬರೆದದ್ದನ್ನು ಕೇಳು. ಶೈಲಾ, ಇದನ್ನು ನಿಧಾನ ಓದು.

"ಮನೆಗಳ ಮುಂದೆ ತುಂಬಿದ ಕೊಡಗಳು ಕಂಡುಬಂದವು. ಸದಸ್ಯರಿಗೆ ಕಾಲು ತೊಳೆಯಲು ಸಹ ಧಾರಾಳವಾಗಿ ನೀರು ಒದಗಿಸಲಾಯಿತು. ಆದ್ದರಿಂದ ಇಲ್ಲಿ ತೀವ್ರ ಕೊರತೆ ಇಲ್ಲವೆಂದು ಸಮಿತಿ ಅಭಿಪ್ರಾಯಪಡುತ್ತದೆ. ಸದಸ್ಯ ದ್ಯಾಮಪ್ಪ ಇವರು, ಈ ನೀರನ್ನು ನಮಗಾಗಿ ದೂರದಿಂದ ಹೊತ್ತು ತಂದಿದ್ದಾರೆ ಎಂದು ಆಕ್ಷೇಪಿಸಿದರು. ಒಪ್ಪಲಾಗಲಿಲ್ಲ."

ಇಷ್ಟೇ ಅಕ್ಕ. ಯಾರೂ ಪೈಪು ತಿರುಗಿಸಿಲ್ಲ. ನಿನ್ನ ತಂಬಿಗೆಯನ್ನು ಅವರು ಬಾವಿ ಎಂದು ತಿಳಿದರು.

ನಿನ್ನ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ. ಬೇಡ. ಬಿಸಿಲಲ್ಲಿ ಬಂದವರ ಕಾಲಿಗೆ ನೀರು ಕೊಡದೆ, ಒಣಗಿದ ಕೊಡ ತೋರಿಸುವುದನ್ನು ನಮ್ಮವ್ವ ನಮಗೆ ಕಲಿಸಲಿಲ್ಲ. ತಾವು ತೊಳೆದುಕೊಂಡ ನೀರು ಎಲ್ಲಿಂದ ಬಂತೆಂದು ಕೇಳುವುದು ಅವರ ಕೆಲಸವಾಗಿತ್ತು. ಮೊದಲ ದಿನವೇ ಇದನ್ನು ಕೊಟ್ಟಿದ್ದರೆ, ಮರುದಿನವೇ ಅವರನ್ನು ಕರೆತಂದು ಆ ಬೋರು ತೋರಿಸುತ್ತಿದ್ದೆವು. ಮುಚ್ಚಿಟ್ಟರು. ನಾವು ನಮ್ಮವನನ್ನೇ ಹೊರಗೆ ಹಾಕಿದೆವು.

ಇಂದು ಮಧ್ಯಾಹ್ನ ಇಲ್ಲಿಗೆ ಬಂದಾಗ ದಾನವ್ವ ಮನೆಯಲ್ಲಿರಲಿಲ್ಲ. ಊರಾಚೆಯ ಬೋರಿನಿಂದ ತಲೆಯ ಮೇಲೊಂದು, ಸೊಂಟಕ್ಕೊಂದು ಕೊಡ ಹೊತ್ತು ಬಂದಳು. ದ್ಯಾಮಪ್ಪ ಆ ಕೊಡಗಳತ್ತ ಕೈ ತೋರಿಸಿ, "ನೋಡಣ್ಣ, ನಾ ತಿರಗಿಸಿದ ಪೈಪ" ಎಂದ. ಅವನಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ. ವರದಿ ಕೊಟ್ಟೆ. ಓದಿ ಮಡಚಿ ನನ್ನ ಕೈಗೇ ವಾಪಸು ಇಟ್ಟ. "ಇದನ್ನ ನನಗ್ಯಾಕ ಕೊಡ್ತಿ? ನನಗ ಗೊತ್ತಿತ್ತಲ್ಲ. ವೈನಿಗೆ ಓದಿ ಹೇಳು" ಎಂದ.

ಅವತ್ತೇ ಬಿಡಿಸಿ ಹೇಳಬಹುದಿತ್ತಲ್ಲ ಎಂದೆ. ದಾನವ್ವ ಇಳಿಸಿದ ಕೊಡವನ್ನು ಒಳಗಿಟ್ಟು ಬಂದು, "ನಿಮ್ಮ ಕೈಯಾರ ನಳ ತಪ್ಪತು ಅಂತ ವೈನಿಗೆ ಹೆಂಗ ಹೇಳ್ಲೋ ಮಾರಾಯಾ? ನಾನೂ ಅದ ನೀರಾಗ ಕಾಲ ತೊಳಕೊಂಡವ" ಎಂದ.

ಇನ್ನೊಮ್ಮೆ ಪರಿಶೀಲನೆಗೆ ಬರ್ರಿ ಎಂದು ಸಮಿತಿಗೆ ಅರ್ಜಿ ಹಾಕಬಹುದಂತೆ, ಗುಲ್ನಾರ ಹೇಳಿದಳು. ಹಾಕೋಣ. ಆದರೆ ಆ ಅರ್ಜಿಯಲ್ಲಿ ದ್ಯಾಮಪ್ಪನ ಸಹಿ ನಿಮ್ಮೆಲ್ಲರ ಸಹಿಯ ಜೊತೆಗೆ ಇರಬೇಕು. ನೀನೇ ಕರೆಯಬೇಕು. ನಾನು ಕರೆದರೆ ಆತ ಬರುವುದಿಲ್ಲ. ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು, ಇನ್ನು ನನ್ನಲ್ಲಿ ಕಸುವಿಲ್ಲ...

ಒಳಗಿನಿಂದ ದಾನವ್ವ ಕೂಗುತ್ತಿದ್ದಾಳೆ: "ಏಳ್ರಿ ಅಣ್ಣಾರ, ರೊಟ್ಟಿ ಆರಾಕತ್ತಾವ. ಉಣ್ಣಾಕ ಬರ್ರಿ. ನಿಮ್ಮಕ್ಕಗ ಅಂಜಿ ಉಪಾಸ ಹೋಗಬ್ಯಾಡ್ರಿ ಮತ್ತ."

ಏಳುತ್ತೇನೆ ಅಕ್ಕ. ಈ ಮನೆಯಲ್ಲಿ ಕೈ ತೊಳೆದು, ಈ ಮನೆಯ ರೊಟ್ಟಿ ಉಂಡು ನಾಳೆ ನೇರ ನಿನ್ನ ಮನೆಗೆ ಬಂದು ಈ ಕಾಗದವನ್ನು ಶೈಲಾಳ ಕೈಗೆ ಕೊಡುತ್ತೇನೆ. ಒಳಗೆ ಕರೆದರೆ ಸೈ, ಕರೆಯದಿದ್ದರೆ ಹೊಸ್ತಿಲ ಹೊರಗೇ ಕುಳಿತುಕೊಳ್ಳುತ್ತೇನೆ.

ನಿನ್ನ ಸೊಂಟದ ನೋವು ಇಳಿಯಲಿ, ನೀನು ನೂರು ವರ್ಷ ನನ್ನನ್ನು ಬೈಯುತ್ತಿರು.

ನಿನ್ನ ತಮ್ಮ,
ಚೌಡ್ಯಾ