ಆಯಿಲ್ ಡಬ್ಬಿ ಮತ್ತು ಒಲೆಯ ಬೆಂಕಿ

ಚಳಿಗಾಲದ ಬಿಡಾರ, ಟೊಸೊಂಟ್ಸೆಂಗೆಲ್ ದಾರಿ
ಜನವರಿ 14, ಬೆಳಿಗ್ಗೆ

ಪ್ರೀತಿಯ ಗೊಂಬೊ,

ಚಳಿಗಾಲ ಸುಖವಾಗಿ ಸಾಗುತ್ತಿದೆಯೇ? ಗಣಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಲಾರಿಯಲ್ಲೇ ಒಣಗಿದ ಮೊಸರುಗಟ್ಟಿ ಕಡಿಯುತ್ತಾ ಕೂರುತ್ತೀಯೋ? ಕುರಿಗಳು ಚೆನ್ನಾಗಿವೆ. ನಾನೂ ಚೆನ್ನಾಗಿದ್ದೇನೆ, ಹೊಟ್ಟೆಯೊಳಗಿರುವ ಪುಣ್ಯಾತ್ಮ ಸಿಕ್ಕಾಪಟ್ಟೆ ಒದೆಯುತ್ತಾನೆ. ತಲೆ ಮಾತ್ರ ಪೂರ್ತಿ ಕೆಟ್ಟಿದೆ.

ನಿನ್ನ ಜೀಪು ಮೂರು ದಿನದಿಂದ ಹೊರಟಿಲ್ಲ. ನಾಳೆಯೊಳಗೆ ಟೊಸೊಂಟ್ಸೆಂಗೆಲ್ ಪಟ್ಟಣಕ್ಕೆ ಬಂದು ಆಸ್ಪತ್ರೆಯಲ್ಲೇ ಇರಬೇಕೆಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಹೊರಟಾಗ ಎಂಜಿನ್ ಜಾಮ್ ಆಗಿ, ನಡುದಾರಿಯಲ್ಲೇ ನಮ್ಮ ಮೊದಲ ಮಗುವನ್ನು ಕಳೆದುಕೊಂಡಿದ್ದನ್ನು ಅವರೂ ಮರೆತಿಲ್ಲ. ನೀನು ಹೇಳಿಕೊಟ್ಟ ಹಾಗೆಯೇ ಮೊದಲ ದಿನ ಸಂಜೆ ಎಂಜಿನ್ ಬಿಸಿ ಇರುವಾಗಲೇ, ಚಳಿಗೆ ಗಟ್ಟಿಯಾಗದಿರಲೆಂದು ಆಯಿಲ್ ಬಸಿದು ಡಬ್ಬಿಯನ್ನು ಒಲೆ ಪಕ್ಕ ಇಟ್ಟೆ ಮಾರಾಯ. ಬೆಳಿಗ್ಗೆ ನೋಡಿದರೆ ಹೆಪ್ಪುಗಟ್ಟಿದ ಕೊಬ್ಬಿನ ಹಾಗಿತ್ತು, ಡಬ್ಬಿ ಬಗ್ಗಿಸಿದರೂ ಬೀಳಲಿಲ್ಲ. ಮತ್ತೆ ಬೆಚ್ಚಗಾಗುವಷ್ಟರಲ್ಲಿ ಕಣಿವೆಯಲ್ಲಿ ಹೊತ್ತು ಇಳಿದಿತ್ತು. ಮರುದಿನವೂ ಅದೇ ಕಥೆ. ರಾತ್ರಿಯಿಡೀ ಉರಿದ ಒಲೆಯ ಪಕ್ಕ ಇದ್ದದ್ದು ತಣ್ಣಗಾಗುವುದು ಹೇಗೆ?

ನಿನ್ನ ತಮ್ಮ ಸೊದ್ನೊಮ್‌ನದು ಒಂದೇ ರಾಗ: "ಅತ್ತಿಗೆ, ಹಂಗೇ ತುರುಕಿ, ಆಕ್ಸಿಲರೇಟರ್ ಒತ್ತಿದ್ರೆ ತಾನಾಗೇ ಕರಗುತ್ತೆ!" ಪಕ್ಕದ ಬಿಡಾರದ ಚೊಯ್ದೊಗ್ ಅಜ್ಜ, "ಆಯಿಲ್ಲೇ ದಪ್ಪ ಕಣಮ್ಮ, ಈ ಚಳಿಗೆ ತೆಳ್ಳಂದು ತರಿಸು," ಅನ್ನುತ್ತಾರೆ. ನನಗೋ ನಿನ್ನ ಮಾತೇ ಕಿವಿಯಲ್ಲಿ: "ಆಯಿಲ್ ಪ್ರೆಶರ್ ಮುಳ್ಳು ಮೇಲೇಳೋವರೆಗೂ ಆಕ್ಸಿಲರೇಟರ್ ಒತ್ಬೇಡ ಕಣೇ, ಆಯಿಲ್ ಹತ್ತೋಕೆ ಮುಂಚೆ ಎಂಜಿನ್ ಒಣಗಂಟಲಲ್ಲಿ ಓಡ್ತಿರುತ್ತೆ." ಯಾರ ಮಾತು ಕೇಳಲಿ ಹೇಳು. ಹೊಟ್ಟೆ ಹೊತ್ತವಳು ನಾನು, ಜೀಪಿನ ಸಂಸಾರವೂ ನನ್ನದೇ.

ಇವತ್ತು ಬೇಗ ಎಚ್ಚರವಾಯಿತು. ಕಣ್ಣು ಬಿಟ್ಟರೆ, ಅತ್ತೆ ಹೊರಗಿನಿಂದ ಡಬ್ಬಿಯನ್ನು ಮೆಲ್ಲಗೆ ಒಳಗೆ ತರುತ್ತಿದ್ದಾರೆ! ದಿನಾ ನಾನು ಮಲಗಿದ ಮೇಲೆ ಹೊರಗಿಟ್ಟು, ಏಳುವ ಮೊದಲು ವಾಪಸ್ ಇಡುತ್ತಿದ್ದರಂತೆ. "ಒಲೆ ಬೆಂಕಿ ಮನೆದೇವರು ಕಣೇ ಹುಡುಗಿ. ಅದರ ಮಗ್ಗುಲಲ್ಲಿ ಈ ಕರಿ ಕೊಳಕು ಇಟ್ರೆ ಮಗು ಉಳಿಯುತ್ತಾ?" ಅಂದರು. ಜಗಳಕ್ಕೆಂದು ಎದ್ದವಳು ಅವರ ಪಕ್ಕವೇ ಕೂತೆ. ಅವರು ಹೊರಗಿಟ್ಟಿದ್ದೂ ಮಗುವಿಗಾಗಿ, ನಾನು ಒಳಗಿಟ್ಟಿದ್ದೂ ಮಗುವಿಗಾಗಿ. ಇಬ್ಬರೂ ಸೇರಿ ಅತ್ತೆವು.

ಆಮೇಲೆ ಅವರೇ ಹಳೇ ಬೋಗುಣಿಗೆ ಬೆರಣಿ ತುಂಬಿ, ಒಲೆಯಿಂದ ಒಂದು ಕೆಂಡವನ್ನೂ ತೆಗೆಯದೆ ಹೊಸ ಕಡ್ಡಿ ಗೀರಿ ಹೊರಗೆ ಬೆಂಕಿ ಮಾಡಿದರು. "ಇದು ದೇವರ ಬೆಂಕಿಯಲ್ಲ, ಕೂಲಿ ಬೆಂಕಿ. ಇದಕ್ಕೆ ಮೈಲಿಗೆಯಿಲ್ಲ," ಎಂದು ಡಬ್ಬಿಯನ್ನು ಅದರ ಮೇಲಿಟ್ಟರು. ಸೊದ್ನೊಮ್ ಈಗ ಆಯಿಲ್ ಸುರಿಯುತ್ತಿದ್ದಾನೆ, ನೀರಿನ ಹಾಗೆ ಇಳಿಯುತ್ತಿದೆ.

ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ದಾರಿಯೆಲ್ಲ ಹಾಲಿನಂತೆ ಬೆಳ್ಳಗೆ, ಶುಭವಾಗಿರಲಿ.

ನಿನ್ನ
ಯಂಜ್ಮಾ

ಮರೆತಿದ್ದು: ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಅತ್ತೆಯೂ ಜೊತೆಗೆ ಹೊರಟಿದ್ದಾರೆ. ಈಗಷ್ಟೇ ನನ್ನ ಕೈ ಹಿಡಿದು, ಎರಡು ವರ್ಷದ ಹಿಂದೆಯೂ ಡಬ್ಬಿ ಹೊರಗಿಟ್ಟವಳು ತಾನೇ ಎಂದರು. ಅವತ್ತು ನೀನು ಸುರಿದದ್ದು ಅರೆಬರೆ ಕರಗಿದ ಆಯಿಲ್. "ಅವಸರದಲ್ಲಿ ನಾನೇ ಎಂಜಿನ್ ಕೆಡಿಸಿದೆ, ನಾನೇ ಮಗುವನ್ನು ಕೊಂದೆ" ಎಂದು ನೀನು ಇಷ್ಟು ದಿನ ಕೊರಗಿದೆಯಲ್ಲ, ಸಾಕು ಗೊಂಬೊ. ಅವರ ಮೇಲೆ ಸಿಟ್ಟಾಗಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ಕೈ ಮಾತ್ರ ಬಿಡಿಸಿಕೊಂಡಿಲ್ಲ.