ಪುಟ್ಟಿಯ ಎಣ್ಣೆಯ ವಾಫಲ್

ಪ್ರೇಮಲೀಲಾ,

ನೀನು ಪಾಠ ಮಾಡಲು ಸ್ಕೂಲಿಗೆ ಹೋದ ಮೇಲೆ ನೋಡಿದರೆ, ಪುಟ್ಟಿಯ ಮೈಗೆ ತಿಕ್ಕುವ ಆಲಿವ್ ಎಣ್ಣೆಯ ಸೀಸೆ ಒಲೆಯ ಪಕ್ಕ ಖಾಲಿ! ನಿನ್ನಣ್ಣ ಇಟಲಿಯಿಂದ ತಂದ ಅಚ್ಚಿನಲ್ಲಿ ಬೆಳಿಗ್ಗೆ ಮಾಡಿದ, ಆ ಚೌಕಳಿ ದೋಸೆಯಂಥ ವಾಫಲ್‌ಗೆ ಅದನ್ನೇ ಸುರಿದೆಯಾ? ನನ್ನ ಜೀವ ಬಾಯಿಗೆ ಬಂತು. ನಿನ್ನ ಮಾವನವರು ನಾಲ್ಕು ತಿಂದಿದ್ದರು. ಕೈ ಹಿಡಿದು ಒಂಟಿಕೊಪ್ಪಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

“ಇಟಲಿ ಕಡೆ ಜನ ಇದನ್ನ ಅಡುಗೆಗೇ ಹಾಕ್ತಾರೆ ಕಣ್ರೀ, ಏನೂ ಆಗಲ್ಲ” ಎಂದು ಡಾಕ್ಟರು ನಕ್ಕರು.

ಇವರು ಕೇಳಿದ್ದೇನು ಗೊತ್ತೆ? “ಹಂಗಾದ್ರೆ ನಾಳೇನೂ ತಿನ್ಬೋದಾ ಡಾಕ್ಟ್ರೇ?”

ಮದುವೆಯಾದಾಗಿನಿಂದ ನನ್ನ ಯಾವ ತಿಂಡಿಯನ್ನೂ ಇನ್ನೊಮ್ಮೆ ಬೇಕೆಂದು ಕೇಳಿದವರಲ್ಲ! ನನಗಿನ್ನೂ ನಂಬಲಾಗುತ್ತಿಲ್ಲ.

ಪುಟ್ಟಿಯನ್ನು ಕರೆದುಕೊಂಡು ಕೆಸರೆಗೆ, ತಂಗಿಯ ಮನೆಗೆ ಹೊರಟಿದ್ದೇನೆ. ಸಾರು ಬಿಸಿ ಮಾಡಿಕೋ. ನಾಳೆ ಹಿಟ್ಟು ನಾನೇ ಹುಯ್ಯುತ್ತೇನೆ, ನೀನು ಪಕ್ಕದಲ್ಲಿ ನಿಂತು ಹೇಳಿಕೊಡು.

ನಿನ್ನ ಅತ್ತೆ,
ನೀಲಮ್ಮ