ಮಡಿಲಕ್ಕಿಯ ಮಾತ್ರೆ

ಸಖರಾಯಪಟ್ಟಣ
೧೪-೯-೧೯೬೧

ಅಜ್ಜಂಪುರದಲ್ಲಿರುವ ಅಣ್ಣ ಚನ್ನಬಸಪ್ಪನ ಪಾದಕ್ಕೆ ತಂಗಿ ಕರಿಬಸಮ್ಮ ಮಾಡುವ ಶರಣು.

ಕಾಗದ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಹೇಳಿ ಕಳಿಸಿದ ಮಾತನ್ನು ನಿಮ್ಮೂರಿನ ಕರಿಯಪ್ಪ ಬಂದು ಮುಟ್ಟಿಸಿದ ದಿನವೇ ಬರೆಯಲು ಕೂತಿದ್ದೆ. ಕೋಪದಲ್ಲಿ ಬರೆದದ್ದನ್ನು ಓದಿಕೊಂಡಾಗ ನನಗೇ ನಾಚಿಕೆಯಾಗಿ ಒಲೆಗೆ ಹಾಕಿದೆ. ಹಿರಿಯರಿಗೆ ನೀವು ಎಂದು ಬರೆಯಬೇಕಂತೆ. ಬೈಯುವಾಗ ನೀನು, ಬರೆಯುವಾಗ ನೀವು ಅಂದರೆ ನನ್ನಿಂದಾಗದು.

ಇಲ್ಲಿ ಮಳೆ ಪರವಾಗಿಲ್ಲ. ರಾಗಿ ಹೊಲದಲ್ಲಿ ಕಳೆ ತೆಗೆಯುವುದು ಮುಗಿಯಿತು. ಕಪ್ಪು ಹಸು ಹೆಣ್ಣು ಕರು ಹಾಕಿದೆ. ಸರ್ವಮಂಗಳ ಚೆನ್ನಾಗಿದ್ದಾಳೆ ಎಂದು ಬರೆಯಬೇಕು, ಬರೆದಿದ್ದೇನೆ. ನಿನ್ನ ಮಗ ಮಹದೇವನಿಗೆ ಅವಳೆಂದು ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು, ಈಗ ಬೇಡವೆಂದರೆ ಮಗಳ ಮುಖವನ್ನು ಹೇಗೆ ನೋಡುವುದೋ ತಿಳಿಯದು.

ಯಜಮಾನರ ವಿಷಯಕ್ಕೆ ಬರುತ್ತೇನೆ. ನೀನು ಕೆಟ್ಟದ್ದು ಬಯಸಿ ಮಾತ್ರೆ ಕೊಟ್ಟೆ ಎಂದು ಈ ಮನೆಯಲ್ಲಿ ಯಾರೂ ಅಂದಿಲ್ಲ. ಹೋದ ವರ್ಷ ಇವರಿಗೆ ತಲೆಸುತ್ತು ಬಂದು, ಬ್ಲಡ್ ಪ್ರೆಷರ್ ಎಂದು ತಿಳಿದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ನೀನೇ. ನಿನಗೂ ಅದೇ ಕಾಯಿಲೆ. ಶಿವಮೊಗ್ಗದ ಡಾಕ್ಟರು ಬರೆದುಕೊಟ್ಟ ಸರ್ಪಗಂಧಿ ಬೇರಿನ ಮಾತ್ರೆಯಿಂದ ನೀನು ಎದ್ದು ಓಡಾಡಿದ್ದೆ. ಬೇರಿನ ಔಷಧಿ, ಯಾರು ತಿಂದರೂ ಏನೂ ಆಗುವುದಿಲ್ಲ ಎಂದು ನಿನ್ನ ಶೀಶೆಯಿಂದಲೇ ಪೊಟ್ಟಣ ಕಟ್ಟಿಸಿದೆ. ನಾನು ಬಂದಾಗಲೆಲ್ಲ ಅತ್ತಿಗೆ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ಆ ಪೊಟ್ಟಣವನ್ನೂ ನನ್ನ ಮಡಿಲಿಗೆ ಹಾಕಿದರು.

ಮಡಿಲಕ್ಕಿಯಲ್ಲಿ ಬಂದದ್ದನ್ನು ನಾವು ಚೆಲ್ಲುವವರಲ್ಲ, ಹೊರಗಿನವರಿಗೆ ಕೊಡುವವರೂ ಅಲ್ಲ. ಹೆಂಡತಿಯ ತವರಿನದನ್ನು ಬೇಡವೆನ್ನಲು ಯಜಮಾನರಿಗೆ ಸಂಕೋಚ. ದಿನವೂ ಊಟವಾದ ಮೇಲೆ ಕಣ್ಣಿಗೊತ್ತಿಕೊಂಡು ನುಂಗಿದರು.

ತಲೆಸುತ್ತು ನಿಂತಿತು. ಅದರ ಹಿಂದೆಯೇ ಮಾತೂ ನಿಂತಿತು. ತೆಂಗಿನಕಾಯಿಯ ಧಾರಣೆ ಇಳಿದರೆ ಬೀದಿಯನ್ನೆಲ್ಲ ಬೈದುಕೊಂಡು ಬರುತ್ತಿದ್ದ ಮನುಷ್ಯ, ಕೆಡವಿದ ಕಾಯಿ ಎಣಿಸಿಕೊಳ್ಳಲು ಕರೆದರೂ ಏಳದಾದರು. ಎತ್ತಿನ ಕೊರಳು ನೇವರಿಸುತ್ತ ಸುಮ್ಮನೆ ಕಣ್ಣೀರು ಹಾಕುತ್ತಿದ್ದರು. ಎಮ್ಮೆದೊಡ್ಡಿ ಕಾವಲಿನಲ್ಲಿ ಏನನ್ನೋ ಮೆಟ್ಟಿದ್ದಾರೆ ಎಂದು ಪಕ್ಕದ ಮನೆಯ ತಿಮ್ಮಪ್ಪ ಹೇಳಿದ. ತಡೆ ಒಡೆಸಿದೆವು. ಒಡೆದ ಕಾಯಿ ನಮಗೆ ಚಟ್ನಿಗಾಯಿತು, ಇವರಿಗೆ ಏನೂ ಆಗಲಿಲ್ಲ.

ಮಕ್ಕಳ ವೀಳ್ಯಶಾಸ್ತ್ರದ ದಿನ ಗೊತ್ತುಮಾಡಲು ಬಂದ ಅತ್ತಿಗೆ ಇವರನ್ನು ಕಂಡು ಹೆದರಿ, ಕಡೂರಿನ ಆಸ್ಪತ್ರೆಗೆ ಹೋಗೋಣ ನಡಿ ಎಂದು ತಾವೇ ಹೊರಡಿಸಿದರು. ಆ ಉಪಕಾರವನ್ನು ನಾನು ಮರೆಯುವವಳಲ್ಲ. ಡಾಕ್ಟರು ಹುಡುಗನ ವಯಸ್ಸಿನವರು. ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಯಾರು ಕೊಟ್ಟದ್ದು ಎಂದು ಕೇಳಿದರು. ನಮ್ಮಣ್ಣನದು ಎಂದೆ. ಅವರು ನಗಲಿಲ್ಲ.

"ಈ ಮಾತ್ರೆ ಕೆಲವರ ಮನಸ್ಸನ್ನು ಕುಗ್ಗಿಸಿಬಿಡುತ್ತೆ ಕಣಮ್ಮ. ಇವರಿಗೆ ಹಿಂದೆ ಯಾವತ್ತಾದ್ರೂ ಹೀಗೆ ಮಂಕು ಕವಿದಿತ್ತಾ? ಇಲ್ಲ ಅಂದ್ರೆ ಅರ್ಧಕ್ಕೆ ಇಳಿಸಿ ನೋಡ್ತೀನಿ. ಇತ್ತು ಅಂದ್ರೆ ಇವತ್ತೇ ಬಿಡಿಸಬೇಕು, ಇಲ್ದಿದ್ರೆ ಜೀವಕ್ಕೇ ಅಪಾಯ" ಎಂದರು.

ಅಣ್ಣ, ನನ್ನ ಒಂದು ಪಕ್ಕದಲ್ಲಿ ಯಜಮಾನರು, ಇನ್ನೊಂದು ಪಕ್ಕದಲ್ಲಿ ನಿನ್ನ ಹೆಂಡತಿ. ಇತ್ತು ಎಂದರೆ ಮಗಳ ಮದುವೆ ಅಲ್ಲೇ ಮುರಿದು ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಇವರಿಗೂ ಗೊತ್ತಿತ್ತು. ಬೇಡ ಎನ್ನುವ ಹಾಗೆ ನನ್ನ ಮುಖ ನೋಡಿದರು. ಡಾಕ್ಟರು ಮತ್ತೆ ಕೇಳಿದರು.

"ಇತ್ತು ಸ್ವಾಮಿ" ಎಂದೆ. ನಮ್ಮ ಮೊದಲನೆಯ ಮಗು ತೀರಿಕೊಂಡ ವರ್ಷ ಇವರು ಮೂಲೆ ಹಿಡಿದು ಕೂತಿದ್ದನ್ನೂ, ನಮ್ಮತ್ತೆ ಅದನ್ನು ಯಾರಿಗೂ ತಿಳಿಯದಂತೆ ಮುಚ್ಚಿಟ್ಟು ಇವರನ್ನು ಬದುಕಿಸಿಕೊಂಡದ್ದನ್ನೂ ಎಲ್ಲ ಹೇಳಿದೆ.

ಅತ್ತಿಗೆ ಎದ್ದು ನಿಂತರು. "ಇಷ್ಟ್ ದಿನ ನಮ್ಗೆ ಯಾಕ್ ಹೇಳ್ಲಿಲ್ಲ ಕರಿಬಸವ್ವ?" ಎಂದು ಅಷ್ಟೇ ಕೇಳಿದರು. ಉತ್ತರಕ್ಕೆ ಕಾಯದೆ ಸ್ಟೇಷನ್ನಿಗೆ ನಡೆದು ರೈಲು ಹತ್ತಿದರು. ನಾನು ಇವರ ಕೈ ಹಿಡಿದುಕೊಂಡು ಬಸ್ಸಿಗೆ ಬಂದೆ.

ಮಾತ್ರೆ ನಿಲ್ಲಿಸಿದ್ದೇವೆ. ಬೇರೆ ಔಷಧಿ ಕೊಟ್ಟಿದ್ದಾರೆ, ಉಪ್ಪು ಕಡಿಮೆ, ವಾರಕ್ಕೊಮ್ಮೆ ಕಡೂರಿಗೆ ಹೋಗಿ ಪ್ರೆಷರ್ ನೋಡಿಸಬೇಕು. ಆದರೆ ಹಳೆಯ ಮಾತ್ರೆ ಮೈ ಬಿಟ್ಟು ಹೋಗುವುದು ನಿಧಾನವಂತೆ, ಮನಸ್ಸು ತಿಳಿಯಾಗುವುದು ಇನ್ನೂ ನಿಧಾನವಂತೆ. ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡಿ ಎಂದಿದ್ದಾರೆ. ನಾನು ಒಲೆಯ ಮುಂದಿದ್ದರೆ ಸರ್ವಮಂಗಳ ಅವರ ಹತ್ತಿರ, ಅವಳು ಕೊಟ್ಟಿಗೆಗೆ ಹೋದರೆ ನಾನು. ಹಿತ್ತಿಲ ಬಾಗಿಲು ಕಿರ್ ಎಂದರೆ ಇಬ್ಬರೂ ಓಡುತ್ತೇವೆ. ನಿನ್ನೆ ಸಾರಿಗೆ ಉಪ್ಪಿಲ್ಲ ಎಂದು ತಟ್ಟೆ ದೂಡಿದರು. ಅವರಿಗೆ ಸಿಟ್ಟು ಬಂತಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಇವತ್ತು ಮತ್ತೆ ಮಾತಿಲ್ಲ.

ನನ್ನ ಮೇಲಿನ ಕೋಪವನ್ನು ಬದಿಗಿಟ್ಟು ಮುಂದಿನದನ್ನು ಓದು. ನಿನ್ನ ದೊಡ್ಡ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕಾಲು ಊದಿದೆ, ತಲೆನೋವು ಎಂದು ಅತ್ತಿಗೆ ಹೇಳಿದ್ದರು. ದಮ್ಮಯ್ಯ, ಅವಳಿಗೆ ಈ ಮಾತ್ರೆ ಕೊಡಬೇಡಿ. ಕಡೂರಿನ ಡಾಕ್ಟರನ್ನು ಕೇಳಿದೆ, ದಿನ ತುಂಬಿದ ಬಸುರಿ ತಿಂದರೆ ಹುಟ್ಟುವ ಕೂಸಿಗೆ ಮೂಗು ಕಟ್ಟಿ ಉಸಿರಾಡಲು ಕಷ್ಟವಾಗುತ್ತದಂತೆ, ಮೊಲೆಯನ್ನೂ ಹಿಡಿಯುವುದಿಲ್ಲವಂತೆ. ಹಾಗೆಂದು ಸುಮ್ಮನಿರಲೂ ಬೇಡ. ಬಸುರಿಗೆ ಊತ, ತಲೆನೋವು ಎರಡೂ ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಂತೆ. ದಮ್ಮಿನವರಿಗೆ, ಹೊಟ್ಟೆಹುಣ್ಣಿನವರಿಗೂ ಇದು ಆಗುವುದಿಲ್ಲ. ನಿನಗೆ ಹೊಂದಿದೆ, ನೀನು ತಿನ್ನು. ನಿನ್ನ ಡಾಕ್ಟರನ್ನು ಕೇಳದೆ ನೀನಾಗಿಯೇ ಬಿಡಬೇಡ. ನಿನ್ನ ಅಂಗಿ ಇವರಿಗೆ ಸರಿಹೋದೀತು, ನಿನ್ನ ಮಾತ್ರೆ ಸರಿಹೋಗಲಿಲ್ಲ.

ಕರಿಯಪ್ಪನ ಕೈಯಲ್ಲಿ ನೀನು ಹೇಳಿಸಿದ ಮಾತು ನನಗೆ ಚುಚ್ಚಿದೆ. ವೀಳ್ಯ ಸದ್ಯಕ್ಕೆ ಬೇಡ, ಬುದ್ಧಿ ಕೆಟ್ಟ ಮನೆತನದಿಂದ ಹೆಣ್ಣು ತಂದರೆ ನಾಳೆ ಮೊಮ್ಮಕ್ಕಳ ಗತಿಯೇನು ಎಂದೆಯಂತೆ. ಮಗು ಸತ್ತಾಗ ಅತ್ತದ್ದು ಹುಚ್ಚೆನ್ನುವುದಾದರೆ ನಾನೂ ಹುಚ್ಚಿಯೇ, ನಮ್ಮವ್ವ ಹೋದಾಗ ಊಟ ಬಿಟ್ಟ ನೀನೂ ಹುಚ್ಚನೇ. ಅತ್ತಿಗೆ ಹಾಲಮ್ಮನ ಎದುರಿಗೆ ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೂ ಕೇಳಿಸಿದ್ದೀಯ. ಅದಕ್ಕೆ ಇಲ್ಲಿ ಉತ್ತರ ಬರೆಯಲಾರೆ. ಈ ಕಾಗದವನ್ನು ಅತ್ತಿಗೆ ಓದಿಸಿ ಕೇಳುತ್ತಾರೆ.

ಮಹದೇವನಿಗೂ ಬಸುರಿ ಹುಡುಗಿಗೂ ನನ್ನ ಆಶೀರ್ವಾದ ತಿಳಿಸು. ಹೆರಿಗೆ ಸುಸೂತ್ರವಾಗಲಿ, ಕೂಸು ಮನೆ ತುಂಬುವಂತೆ ಅಳಲಿ. ಅತ್ತಿಗೆಗೆ ಶರಣು. ಕೊಡುವುದು ಬಿಡುವುದು ನಿನಗೆ ಸೇರಿದ್ದು. ಒಂದು ಸಲ ಬಂದು ಇವರ ಪಕ್ಕ ಕೂತು ಹೋಗು.

ಇಂತಿ ನಿನ್ನ ತಂಗಿ
ಕರಿಬಸಮ್ಮ

ತಾ.ಕ.: ಈ ಚೀಟಿಯನ್ನು ಬೇರೆ ಮಡಿಸಿ ಇಟ್ಟಿದ್ದೇನೆ, ಓದಿ ಒಲೆಗೆ ಹಾಕು. ಸುಳ್ಳು ಯಾಕೆ ಹೇಳಲಿಲ್ಲ ಎಂದು ಕೇಳಿದೆಯಲ್ಲ. ಅತ್ತಿಗೆ ಬರುವ ಹಿಂದಿನ ದಿನ ಮಧ್ಯಾಹ್ನ ಸರ್ವಮಂಗಳ ತೋಟದ ಬಾವಿಗೆ ನೀರಿಗೆ ಹೋದಳು. ಅವರಪ್ಪ ಕಟ್ಟೆಯ ಮೇಲೆ ಒಳಕ್ಕೆ ಕಾಲು ಇಳಿಬಿಟ್ಟು ಕೂತಿದ್ದರು. "ಬಿಡವ್ವ, ನನ್ನಿಂದ ಯಾರಿಗೂ ಸುಖ ಇಲ್ಲ" ಎಂದರಂತೆ. ಅವಳು ಕೂಗಲಿಲ್ಲ. ಹಿಂದಿನಿಂದ ಸೊಂಟ ತಬ್ಬಿ ಹಿಡಿದು, ನಾನು ಹುಡುಕಿಕೊಂಡು ಬರುವವರೆಗೂ ಬಿಡಲಿಲ್ಲ. ಅವಳ ಕೈ ಬಿಡಿಸಲು ನನಗೆ ಕಷ್ಟವಾಯಿತು. ಅವಳ ಮದುವೆ ಉಳಿಸಲು ನಾನು ಇಲ್ಲ ಎನ್ನಬೇಕಿತ್ತೇ? ಸೊಸೆ ಮಾಡಿಕೊಳ್ಳದಿದ್ದರೂ ಅವಳು ನಿನ್ನ ತಂಗಿಯ ಮಗಳು. ಯಾವತ್ತಾದರೂ ನಿಮ್ಮ ಮನೆಗೆ ಬಂದರೆ, ಅಣ್ಣ, ಅವಳನ್ನು ನೀರು ಸೇದಲು ಮಾತ್ರ ಕಳಿಸಬೇಡ.